ಜಿಲ್ಲೆ ಒಡೆದ ಸಮಾಜವಾದಿ

1997ರ ಆಗಸ್ಟ್ 15. ಸ್ವಾತಂತ್ರ್ಯಕ್ಕೆ ಐವತ್ತು ತುಂಬಿದ ಆ ದಿನ ವಿಜಾಪುರ ಜಿಲ್ಲೆ ಎರಡು ಹೋಳಾಯಿತು. ಹನ್ನೊಂದು ತಾಲ್ಲೂಕುಗಳ ಪೈಕಿ ಆರು, ಅಂದರೆ ಬಾಗಲಕೋಟೆ, ಬಾದಾಮಿ, ಹುನಗುಂದ, ಬೀಳಗಿ, ಮುಧೋಳ ಮತ್ತು ಜಮಖಂಡಿ, ಹೊಸದಾಗಿ ಹುಟ್ಟಿದ ಬಾಗಲಕೋಟೆ ಜಿಲ್ಲೆಗೆ ಸೇರಿದವು. ಹಳೆಯ ಮನೆಯಲ್ಲಿ ಉಳಿದದ್ದು ವಿಜಾಪುರ ತಾಲ್ಲೂಕು ಮತ್ತು ಅದರ ಸುತ್ತಲಿನ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನಬಾಗೇವಾಡಿ.

ಅಣ್ಣ ತಮ್ಮಂದಿರು ಪಾಲಾದಾಗ ಯಾರಿಗೆ ಏನು ಬಂತೆಂದು ಊರವರು ಲೆಕ್ಕ ಹಾಕುವುದು ರೂಢಿ. ಆ ಲೆಕ್ಕದಲ್ಲಿ ಬಾಗಲಕೋಟೆಗೆ ಬಾದಾಮಿ, ಐಹೊಳೆ, ಪಟ್ಟದಕಲ್ಲು ಬಂದವು. ಘಟಪ್ರಭೆಯ ಕಾಲುವೆ ನೀರುಂಡ ಮುಧೋಳ, ಜಮಖಂಡಿಯ ಕಬ್ಬಿನ ಗದ್ದೆಗಳು ಬಂದವು. ಇಳಕಲ್ ಸೀರೆ, ಗುಳೇದಗುಡ್ಡದ ಖಣ ಎರಡೂ ಅತ್ತಲೇ ಹೋದವು. ಈ ಭಾಗದಿಂದ ಮುಖ್ಯಮಂತ್ರಿ ಪದವಿಗೇರಿದ್ದ ಬಿ.ಡಿ. ಜತ್ತಿ ಮತ್ತು ಎಸ್.ಆರ್. ಕಂಠಿ ಅವರ ನೆನಪುಗಳೂ ಅತ್ತಲೇ, ಏಕೆಂದರೆ ಒಬ್ಬರು ಜಮಖಂಡಿಯ ಕಡೆಯವರು, ಇನ್ನೊಬ್ಬರು ಹುನಗುಂದದವರು. ಇತ್ತ ಉಳಿದದ್ದು ಗೋಳಗುಮ್ಮಟ, ಬಸವಣ್ಣನವರ ಜನ್ಮಸ್ಥಳ, ಡೋಣಿ ಹೊಳೆ, ಎರೆಭೂಮಿ, ಬಿಳಿಜೋಳ, ಇಂಡಿಯ ಲಿಂಬೆ. ಜೊತೆಗೆ, ಇನ್ನೂ ಕಟ್ಟಿ ಮುಗಿಯದಿದ್ದ ಒಂದು ಅಣೆಕಟ್ಟು.

ಹೀಗೆ ಪಾಲು ಮಾಡಿದ ಸರ್ಕಾರದ ಯಜಮಾನರು ಜಯದೇವಪ್ಪ ಹಾಲಪ್ಪ ಪಟೇಲ್, ಅಂದರೆ ಜೆ.ಎಚ್. ಪಟೇಲರು. ಅವರು ವಿಜಾಪುರದವರಲ್ಲ, ಆಗ ಶಿವಮೊಗ್ಗ ಜಿಲ್ಲೆಯಲ್ಲಿದ್ದ ಚನ್ನಗಿರಿ ತಾಲ್ಲೂಕಿನ ಕಾರಿಗನೂರಿನವರು. ರಾಮಕೃಷ್ಣ ಹೆಗಡೆ, ಎಚ್.ಡಿ. ದೇವೇಗೌಡರಂತೆ ಕಾಂಗ್ರೆಸ್ಸಿನಲ್ಲಿ ರಾಜಕೀಯ ಕಲಿತು ಹೊರಬಂದವರೂ ಅಲ್ಲ. ರಾಮಮನೋಹರ ಲೋಹಿಯಾ ಅವರ ಸಮಾಜವಾದಿ ಪಕ್ಷದ ಗರಡಿಯಲ್ಲಿ ಪಳಗಿ ರಾಜ್ಯದ ಅತಿ ಎತ್ತರದ ಕುರ್ಚಿಯಲ್ಲಿ ಕುಳಿತವರು. ಸಮಾಜವಾದಿಯೊಬ್ಬ ಅಧಿಕಾರಕ್ಕೆ ಬಂದರೆ ಏನು ಮಾಡುತ್ತಾನೆ ಎಂಬ ಪ್ರಶ್ನೆಗೆ ಕರ್ನಾಟಕದಲ್ಲಿ ಸಿಗುವ ಉತ್ತರಗಳಲ್ಲಿ ಮುಖ್ಯವಾದದ್ದು ಅವರ ಮೂರು ವರ್ಷ ನಾಲ್ಕು ತಿಂಗಳ ಆಡಳಿತ. ಆ ಉತ್ತರವನ್ನು ಬೆಂಗಳೂರಿನಲ್ಲಿ ಕುಳಿತು ಓದಿದರೆ ಒಂದು ತರಹ, ಇಂಡಿ ಸಿಂದಗಿಯಲ್ಲಿ ನಿಂತು ಓದಿದರೆ ಇನ್ನೊಂದು ತರಹ.

ಕಾಗೋಡಿನ ನೆರಳು

ಪಟೇಲರು ಹುಟ್ಟಿದ್ದು 1930ರ ಅಕ್ಟೋಬರ್ 1ರಂದು. ಅವರು ಯುವಕರಾಗಿದ್ದಾಗ ಶಿವಮೊಗ್ಗ ಜಿಲ್ಲೆ ಕುದಿಯುತ್ತಿತ್ತು. 1951ರಲ್ಲಿ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ ಗೇಣಿದಾರರು ಭೂಮಾಲೀಕರ ವಿರುದ್ಧ ಎದ್ದುನಿಂತರು. ಗೇಣಿ ಅಳೆಯುವ ಕೊಳಗದ ಗಾತ್ರದಿಂದ ಆರಂಭವಾದ ಜಗಳ ನೆಲದ ಒಡೆತನದ ಪ್ರಶ್ನೆಯಾಗಿ ಬೆಳೆಯಿತು. ಎಚ್. ಗಣಪತಿಯಪ್ಪ ಹಚ್ಚಿದ ಕಿಡಿಗೆ ಸಮಾಜವಾದಿ ಪಕ್ಷ ಗಾಳಿ ಊದಿತು. ಸ್ವತಃ ಲೋಹಿಯಾ ಬಂದು ಬಂಧನಕ್ಕೊಳಗಾದರು. ಆ ಹೋರಾಟದಿಂದ ಮೇಲೆದ್ದ ಶಾಂತವೇರಿ ಗೋಪಾಲಗೌಡರು 1952ರಲ್ಲಿ ವಿಧಾನಸಭೆ ಪ್ರವೇಶಿಸಿದರು. ಮುಂದೆ ಬೇರೆ ಬೇರೆ ಪಕ್ಷಗಳಲ್ಲಿ ಹೆಸರು ಮಾಡಿದ ಎಸ್. ಬಂಗಾರಪ್ಪ, ಕಾಗೋಡು ತಿಮ್ಮಪ್ಪ, ಜೆ.ಎಚ್. ಪಟೇಲ್ ಇವರೆಲ್ಲ ಗೋಪಾಲಗೌಡರ ನೆರಳಿನಲ್ಲಿ ಬೆಳೆದವರೇ.

ಈ ಸಮಾಜವಾದ ಮಲೆನಾಡಿನ ಮಣ್ಣಿನ ಬೆಳೆ ಎಂಬುದನ್ನು ಮರೆಯಬಾರದು. ಅಲ್ಲಿ ಮಳೆಗೆ ಬರವಿರಲಿಲ್ಲ. ನೆಲ ಯಾರದು ಎಂಬುದೇ ಜಗಳ. ಭೀಮಾ ಮತ್ತು ಕೃಷ್ಣೆಯ ನಡುವಿನ ಎರೆನಾಡಿನಲ್ಲಿ ನೆಲವಿದ್ದವನೂ ಮುಗಿಲು ನೋಡುತ್ತ ಕೂರಬೇಕಿತ್ತು. ಡೋಣಿ ಹರಿದರೆ ಓಣಿಯೆಲ್ಲ ಜೋಳ ಎನ್ನುವ ಮಾತು ಇಲ್ಲಿ ಹುಟ್ಟಿದ್ದೇ ಡೋಣಿ ಪ್ರತಿವರ್ಷ ಹರಿಯುತ್ತಿರಲಿಲ್ಲವಾದ್ದರಿಂದ. ಕಾಗೋಡಿನ ಕೊಳಗ ಇಲ್ಲಿನ ಪ್ರಶ್ನೆಗೆ ಅಳತೆಯಾಗುವಂತಿರಲಿಲ್ಲ. ಇಲ್ಲಿನ ರೈತ ಕೇಳುತ್ತಿದ್ದುದು ನೀರು.

ದಿಲ್ಲಿಯಲ್ಲಿ ಕನ್ನಡ

1967ರ ಚುನಾವಣೆ ದೇಶದ ರಾಜಕೀಯದಲ್ಲಿ ಒಂದು ಮೈಲಿಗಲ್ಲು. ಅನೇಕ ರಾಜ್ಯಗಳಲ್ಲಿ ಕಾಂಗ್ರೆಸ್ ಅಧಿಕಾರ ಕಳೆದುಕೊಂಡಿತು. ಮಂಗಳೂರಿನ ಜಾರ್ಜ್ ಫರ್ನಾಂಡಿಸ್ ದಕ್ಷಿಣ ಮುಂಬಯಿಯಲ್ಲಿ ಕಾಂಗ್ರೆಸ್ಸಿನ ದೈತ್ಯ ಎಸ್.ಕೆ. ಪಾಟೀಲರನ್ನು ಕೆಡವಿದ್ದು ಆಗಲೇ. ಅದೇ ಚುನಾವಣೆಯಲ್ಲಿ ಸಂಯುಕ್ತ ಸೋಷಲಿಸ್ಟ್ ಪಕ್ಷದಿಂದ ಶಿವಮೊಗ್ಗ ಕ್ಷೇತ್ರದಲ್ಲಿ ಗೆದ್ದು ಪಟೇಲರು ಲೋಕಸಭೆಗೆ ಹೋದರು. ಆಗ ಅವರ ವಯಸ್ಸು 36.

ಲೋಕಸಭೆಯಲ್ಲಿ ಅವರು ಎದ್ದುನಿಂತು ಮಾತನಾಡಿದ್ದು ಕನ್ನಡದಲ್ಲಿ. ಲೋಕಸಭೆಯಲ್ಲಿ ಕನ್ನಡದಲ್ಲಿ ಮಾತನಾಡಿದ ಮೊದಲ ಸದಸ್ಯ ಎಂಬ ಹೆಸರು ಅವರಿಗೆ ಅಂಟಿಕೊಂಡದ್ದು ಹೀಗೆ. ಇದನ್ನು ಭಾಷಾಭಿಮಾನದ ಪ್ರದರ್ಶನವೆಂದಷ್ಟೇ ನೋಡಿದರೆ ಅರ್ಧ ಮಾತ್ರ ಅರ್ಥವಾದಂತೆ. ಸಂವಿಧಾನದ 120ನೇ ವಿಧಿಯ ಪ್ರಕಾರ ಸಂಸತ್ತಿನ ಕಲಾಪ ನಡೆಯುವುದು ಹಿಂದಿ ಅಥವಾ ಇಂಗ್ಲಿಷಿನಲ್ಲಿ. ಆ ಎರಡರಲ್ಲೂ ತನ್ನ ವಿಚಾರವನ್ನು ಸಮರ್ಪಕವಾಗಿ ಹೇಳಲಾರದ ಸದಸ್ಯನಿಗೆ ಸಭಾಧ್ಯಕ್ಷರು ತಾಯ್ನುಡಿಯಲ್ಲಿ ಮಾತನಾಡಲು ಅನುಮತಿ ಕೊಡಬಹುದು. ಎಂದರೆ ತಾಯ್ನುಡಿ ಅಲ್ಲಿ ಹಕ್ಕಲ್ಲ, ವಿನಾಯಿತಿ. ಆಗ ಸಭಾಧ್ಯಕ್ಷರಾಗಿದ್ದವರು ನೀಲಂ ಸಂಜೀವ ರೆಡ್ಡಿ. ಕಾನೂನು ಓದಿದ ಪಟೇಲರಿಗೆ ಇಂಗ್ಲಿಷು ಬರುತ್ತಿರಲಿಲ್ಲವೆಂದಲ್ಲ. ಕೆಲವೇ ಮಂದಿಗೆ ಬರುವ ಭಾಷೆಯಲ್ಲಿ ಆಡಳಿತ ನಡೆದರೆ ಉಳಿದವರು ತಮ್ಮದೇ ದೇಶದಲ್ಲಿ ಅರ್ಜಿದಾರರಾಗಿಯೇ ಉಳಿಯುತ್ತಾರೆ ಎಂಬುದು ಲೋಹಿಯಾ ವಾದವಾಗಿತ್ತು. ಪಟೇಲರು ಅದನ್ನು ಸದನದಲ್ಲಿ ಆಚರಿಸಿ ತೋರಿಸಿದರು. ತಹಶೀಲ್ದಾರ್ ಕಚೇರಿಯಲ್ಲಿ ಓದಲಾಗದ ಕಾಗದಕ್ಕೆ ಹೆಬ್ಬೆಟ್ಟು ಒತ್ತಿದ ಯಾವ ಊರಿನ ರೈತನಿಗೂ ಈ ವಾದ ಬಿಡಿಸಿ ಹೇಳಬೇಕಾಗಿಲ್ಲ.

ಅದೇ ವರ್ಷದ ಅಕ್ಟೋಬರ್ 12ರಂದು ಲೋಹಿಯಾ ತೀರಿಕೊಂಡರು. 1971ರ ಇಂದಿರಾ ಅಲೆಯಲ್ಲಿ ಪಟೇಲರು ಸೋತರು. 1972ರ ಜೂನ್‌ನಲ್ಲಿ ಗೋಪಾಲಗೌಡರೂ ಇಲ್ಲವಾದರು. ಇತ್ತ ದೇವರಾಜ ಅರಸು ಅವರ ಸರ್ಕಾರ 1974ರಲ್ಲಿ ಭೂಸುಧಾರಣೆ ಕಾಯಿದೆಗೆ ಬಿಗಿಯಾದ ತಿದ್ದುಪಡಿ ತಂದು 'ಉಳುವವನೇ ಹೊಲದೊಡೆಯ' ಎಂಬ ಘೋಷಣೆಯನ್ನು ಸಮಾಜವಾದಿಗಳ ಕೈಯಿಂದಲೇ ಕಸಿದುಕೊಂಡಿತು. ಸಮಾಜವಾದಿಗಳು ಬೀದಿಯಲ್ಲಿ ಕೇಳಿದ್ದನ್ನು ಕಾಂಗ್ರೆಸ್ಸಿಗ ಮುಖ್ಯಮಂತ್ರಿ ಕಾನೂನು ಮಾಡಿದರು. ಪಕ್ಷ ಬಡವಾಯಿತು, ವಿಚಾರ ಗೆದ್ದಿತು ಎನ್ನಬಹುದು.

1975ರ ತುರ್ತುಪರಿಸ್ಥಿತಿ ಪಟೇಲರನ್ನು ಜೈಲಿಗೆ ಕಳಿಸಿತು. ಹೊರಬಂದಾಗ ಸಮಾಜವಾದಿ ಪಕ್ಷ ಜನತಾ ಪಕ್ಷದಲ್ಲಿ ಕರಗಿತ್ತು. 1978ರಲ್ಲಿ ಚನ್ನಗಿರಿಯಿಂದ ಶಾಸಕರಾದರು. 1983ರ ಜನವರಿಯಲ್ಲಿ ರಾಮಕೃಷ್ಣ ಹೆಗಡೆ ನೇತೃತ್ವದಲ್ಲಿ ರಾಜ್ಯದ ಮೊದಲ ಕಾಂಗ್ರೆಸ್ಸೇತರ ಸರ್ಕಾರ ಬಂದಾಗ ಪಟೇಲರು ಮಂತ್ರಿಯಾದರು. ಮುಂದಿನ ದಶಕದ ಏಳುಬೀಳುಗಳನ್ನು ಇಲ್ಲಿ ವಿವರಿಸುವ ಅಗತ್ಯವಿಲ್ಲ. 1994ರ ಚುನಾವಣೆಯಲ್ಲಿ ಜನತಾದಳ 224ರಲ್ಲಿ 115 ಸ್ಥಾನ ಗೆದ್ದಿತು. ದೇವೇಗೌಡರು ಮುಖ್ಯಮಂತ್ರಿ, ಪಟೇಲರು ಉಪಮುಖ್ಯಮಂತ್ರಿ. 1996ರಲ್ಲಿ ದೇವೇಗೌಡರು ಪ್ರಧಾನಿಯಾಗಿ ದಿಲ್ಲಿಗೆ ಹೊರಟಾಗ ಮೇ 31ರಂದು ಪಟೇಲರು ಮುಖ್ಯಮಂತ್ರಿಯಾದರು. ಉಪಮುಖ್ಯಮಂತ್ರಿ ಸ್ಥಾನ ಸಿದ್ದರಾಮಯ್ಯ ಅವರಿಗೆ ಬಂತು.

ಕುರ್ಚಿಯೂ ಸಿದ್ಧಾಂತವೂ

ಆರು ತಿಂಗಳೊಳಗೆ ಪರೀಕ್ಷೆಯೊಂದು ಎದುರಾಯಿತು. 1996ರ ನವೆಂಬರ್‌ನಲ್ಲಿ ಬೆಂಗಳೂರಿನಲ್ಲಿ ವಿಶ್ವಸುಂದರಿ ಸ್ಪರ್ಧೆ. ಅಮಿತಾಭ್ ಬಚ್ಚನ್ ಅವರ ಕಂಪನಿಯ ವ್ಯವಸ್ಥೆ. ಮಹಿಳಾ ಸಂಘಟನೆಗಳು, ಬಲಪಂಥೀಯರು, ರೈತಸಂಘ ಎಲ್ಲರೂ ಒಂದೊಂದು ಕಾರಣಕ್ಕೆ ವಿರೋಧಿಸಿದರು. ರೈತಸಂಘದ ನೇತಾರ ಎಂ.ಡಿ. ನಂಜುಂಡಸ್ವಾಮಿ ಕೂಡ ಲೋಹಿಯಾವಾದಿಯೇ. ಒಬ್ಬ ಗುರುವಿನ ಇಬ್ಬರು ಶಿಷ್ಯರು: ಒಬ್ಬರು ಬಹುರಾಷ್ಟ್ರೀಯ ಬಂಡವಾಳದ ಕುಣಿತವೆಂದು ಬೀದಿಯಲ್ಲಿ ಕೂಗುತ್ತಿದ್ದರು, ಇನ್ನೊಬ್ಬರು ಅದೇ ಕುಣಿತಕ್ಕೆ ಪೊಲೀಸ್ ಕಾವಲು ಕೊಟ್ಟರು. ನವೆಂಬರ್ 23ರಂದು ಸ್ಪರ್ಧೆ ನಡೆದೇ ನಡೆಯಿತು. ಈಜುಡುಗೆಯ ಸುತ್ತನ್ನು ಮಾತ್ರ ಸೇಶಲ್ಸ್ ದ್ವೀಪಕ್ಕೆ ಸಾಗಿಸಲಾಯಿತು. ತಮ್ಮ ಖಾಸಗಿ ಅಭ್ಯಾಸಗಳನ್ನೂ ಮುಚ್ಚಿಡದೆ ಮಾತನಾಡುತ್ತಿದ್ದ ಪಟೇಲರಿಗೆ ಮಡಿವಂತಿಕೆಯ ವಾದ ಒಪ್ಪಿಗೆಯಾಗುವ ಸಂಭವವೇ ಇರಲಿಲ್ಲ. ಆದರೆ ನಂಜುಂಡಸ್ವಾಮಿಯವರದು ಮಡಿವಂತಿಕೆಯ ವಾದವಾಗಿರಲಿಲ್ಲ; ಅದಕ್ಕೆ ಸರ್ಕಾರದ ಬಳಿ ಪೊಲೀಸರಲ್ಲದೆ ಬೇರೆ ಉತ್ತರವೂ ಇದ್ದಂತೆ ಕಾಣಲಿಲ್ಲ.

ಅವರ ಕಾಲದಲ್ಲೇ, 1997ರಲ್ಲಿ, ರಾಜ್ಯದ ಮೊದಲ ಮಾಹಿತಿ ತಂತ್ರಜ್ಞಾನ ನೀತಿ ಬಂತು. ಅದೇ ವರ್ಷದ ಏಪ್ರಿಲ್‌ನಲ್ಲಿ ಬೆಂಗಳೂರು–ಮೈಸೂರು ಹೆದ್ದಾರಿ ಕಾರಿಡಾರ್‌ಗಾಗಿ ಖಾಸಗಿ ಕಂಪನಿಯೊಂದಿಗೆ ಒಪ್ಪಂದಕ್ಕೆ ಸಹಿ ಬಿತ್ತು. ಖಾಸಗಿ ಬಂಡವಾಳಕ್ಕೆ ಬಾಗಿಲು ತೆರೆದವರು ಸಮಾಜವಾದಿ ಎಂಬುದು ಆಗ ಹಲವರ ಹುಬ್ಬೇರಿಸಿತ್ತು.

ಹೀಗೆ ಹುಬ್ಬೇರಿಸುವ ಸನ್ನಿವೇಶ ಕರ್ನಾಟಕಕ್ಕಷ್ಟೇ ಸೀಮಿತವಾಗಿರಲಿಲ್ಲ. ವಿಜಾಪುರ ಒಡೆಯುವುದಕ್ಕೆ ಎರಡು ತಿಂಗಳು ಮುಂಚೆ, 1997ರ ಜೂನ್‌ನಲ್ಲಿ, ಫ್ರಾನ್ಸಿನಲ್ಲಿ ಸಮಾಜವಾದಿ ಲಿಯೊನೆಲ್ ಜೋಸ್ಪಾಂ ಪ್ರಧಾನಿಯಾದರು. ಅವರು ಕಾರ್ಮಿಕರ ವಾರದ ದುಡಿಮೆಯನ್ನು 35 ಗಂಟೆಗೆ ಇಳಿಸಿದರು. ಜೊತೆಜೊತೆಗೆ ಸರ್ಕಾರಿ ಟೆಲಿಕಾಂ ಕಂಪನಿಯ ಷೇರುಗಳನ್ನು ಮಾರುಕಟ್ಟೆಗೆ ಬಿಟ್ಟರು. ಅಲ್ಲಿ ಇದಕ್ಕೂ ಹಿಂದಿನ ಒಂದು ಕಥೆಯಿದೆ. 1981ರಲ್ಲಿ ಪ್ರಧಾನಿಯಾದ ಸಮಾಜವಾದಿ ಪಿಯೆರ್ ಮೊರುವಾ ಮೊದಲು ಬ್ಯಾಂಕುಗಳನ್ನೂ ದೊಡ್ಡ ಉದ್ಯಮಗಳನ್ನೂ ರಾಷ್ಟ್ರೀಕರಿಸಿ, ಎರಡೇ ವರ್ಷದಲ್ಲಿ ಹಣದುಬ್ಬರಕ್ಕೆ ಹೆದರಿ ಖರ್ಚಿಗೆ ಕಡಿವಾಣ ಹಾಕಬೇಕಾಯಿತು. ಆದರೆ ಅವರ ಸರ್ಕಾರದ ಒಂದು ಕೆಲಸವನ್ನು ಮುಂದೆ ಬಂದ ಯಾರೂ ಅಳಿಸಲಿಲ್ಲ. ಅದು 1982ರ ವಿಕೇಂದ್ರೀಕರಣದ ಕಾನೂನು. ಪ್ಯಾರಿಸಿನಿಂದ ನೇಮಕಗೊಂಡ ಅಧಿಕಾರಿಯ ಕೈಯಲ್ಲಿದ್ದ ಜಿಲ್ಲಾಡಳಿತದ ಹಿಡಿತ ಅದರಿಂದ ಚುನಾಯಿತ ಜಿಲ್ಲಾ ಸಮಿತಿಯ ಅಧ್ಯಕ್ಷರಿಗೆ ಬಂತು.

ಕರ್ನಾಟಕದಲ್ಲೂ ಹೆಚ್ಚು ಕಡಿಮೆ ಅದೇ ಕಾಲಕ್ಕೆ ಹೆಗಡೆ ಸರ್ಕಾರದ ಅಬ್ದುಲ್ ನಜೀರ್ ಸಾಬ್ ಅವರು ಜಿಲ್ಲಾ ಪರಿಷತ್ತು, ಮಂಡಲ ಪಂಚಾಯಿತಿಗಳ ಕಾಯಿದೆ ತಂದರು. 1987ರಲ್ಲಿ ಚುನಾವಣೆ ನಡೆದು ಜಿಲ್ಲೆಯ ಅಧಿಕಾರ ಚುನಾಯಿತರ ಕೈಗೆ ಬಂತು. ಬಂಡವಾಳದ ಎದುರು ಸೋತರೂ ಆಡಳಿತವನ್ನು ಜನರ ಹತ್ತಿರ ತರುವುದರಲ್ಲಿ ಸಮಾಜವಾದಿಗಳು ಗುರುತು ಉಳಿಸಿದ್ದಾರೆ ಎಂಬ ಮಾತಿಗೆ ಎರಡೂ ಕಡೆ ಪುರಾವೆ ಸಿಗುತ್ತದೆ. ಪಟೇಲರು ಜಿಲ್ಲೆಗಳನ್ನು ಒಡೆದದ್ದನ್ನೂ ಈ ಹಿನ್ನೆಲೆಯಲ್ಲೇ ನೋಡಬೇಕು.

ಏಳು ಜಿಲ್ಲೆ ಏಕೆ?

ಫ್ರೆಂಚ್ ಕ್ರಾಂತಿಕಾರರು 1790ರಲ್ಲಿ ದೇಶವನ್ನು 83 ಜಿಲ್ಲೆಗಳಾಗಿ ವಿಂಗಡಿಸಿದಾಗ ಒಂದು ಅಳತೆ ಇಟ್ಟುಕೊಂಡಿದ್ದರೆನ್ನುತ್ತಾರೆ: ಯಾವ ಊರಿನಿಂದಲೇ ಆಗಲಿ ಕುದುರೆ ಏರಿ ಹೊರಟವನು ಒಂದು ದಿನದಲ್ಲಿ ಜಿಲ್ಲಾಕೇಂದ್ರ ತಲುಪಬೇಕು. ನಮ್ಮಲ್ಲಿ ಜಿಲ್ಲೆಗಳು ಹುಟ್ಟಿದ್ದು ಬ್ರಿಟಿಷ್ ಕಲೆಕ್ಟರನ ಕಂದಾಯದ ಅನುಕೂಲಕ್ಕೆ. ಜನರ ಓಡಾಟ ಅವನ ಲೆಕ್ಕದಲ್ಲಿರಲಿಲ್ಲ. ಬಾದಾಮಿಯ ರೈತ ಜಿಲ್ಲಾಧಿಕಾರಿ ಕಚೇರಿಯ ಒಂದು ಕೆಲಸಕ್ಕೆ ಕೃಷ್ಣೆ ದಾಟಿ ನೂರು ಕಿಲೋಮೀಟರಿಗೂ ಮೀರಿ ಪ್ರಯಾಣ ಮಾಡಬೇಕಿತ್ತು. ಸಾಹೇಬರು ಅಂದು ಸಿಗದಿದ್ದರೆ ವಿಜಾಪುರದಲ್ಲೇ ರಾತ್ರಿ ಕಳೆಯಬೇಕು.

ಆಗಿನ ವಿಜಾಪುರದ ವಿಸ್ತೀರ್ಣ 17 ಸಾವಿರ ಚದರ ಕಿಲೋಮೀಟರ್. 1991ರ ಜನಗಣತಿಯಂತೆ ಜನಸಂಖ್ಯೆ 29.28 ಲಕ್ಷ. ಜಿಲ್ಲೆಗಳನ್ನು ಪುನರ್ವಿಂಗಡಿಸಬೇಕೆಂಬ ಮಾತು ಹೊಸದೇನಲ್ಲ. ಎಪ್ಪತ್ತರ ದಶಕದಲ್ಲಿ ವಾಸುದೇವರಾವ್ ಸಮಿತಿ, ಎಂಬತ್ತರ ದಶಕದಲ್ಲಿ ಹುಂಡೇಕರ್ ಸಮಿತಿ, ಗದ್ದಿಗೌಡರ್ ಸಮಿತಿ ಒಂದರ ಮೇಲೊಂದು ಬಂದವು. ವರದಿಗಳು ಕಪಾಟಿನಲ್ಲಿ ಕೂತವು. ಯಾವ ಊರು ಜಿಲ್ಲಾಕೇಂದ್ರವಾದರೂ ಅದರ ಪಕ್ಕದ ಊರು ಮುನಿಸಿಕೊಳ್ಳುತ್ತದೆ ಎಂಬ ಭಯಕ್ಕೆ ಯಾವ ಮುಖ್ಯಮಂತ್ರಿಯೂ ಕೈ ಹಾಕಿರಲಿಲ್ಲ. ಪಟೇಲರು ಕೈ ಹಾಕಿದರು, ಒಂದಕ್ಕಲ್ಲ, ಏಳಕ್ಕೆ. ಬಾಗಲಕೋಟೆಯ ಜೊತೆಗೆ ಗದಗ, ಹಾವೇರಿ, ಕೊಪ್ಪಳ, ದಾವಣಗೆರೆ, ಉಡುಪಿ, ಚಾಮರಾಜನಗರ. ಇಪ್ಪತ್ತು ಜಿಲ್ಲೆಗಳ ರಾಜ್ಯ ಇಪ್ಪತ್ತೇಳು ಜಿಲ್ಲೆಗಳದಾಯಿತು. ಪಟೇಲರ ಸ್ವಂತ ತಾಲ್ಲೂಕು ಚನ್ನಗಿರಿಯೂ ಶಿವಮೊಗ್ಗ ಬಿಟ್ಟು ದಾವಣಗೆರೆ ಸೇರಿತು. ಏಳರಲ್ಲಿ ನಾಲ್ಕು ಉತ್ತರ ಕರ್ನಾಟಕದಲ್ಲಿ ಹುಟ್ಟಿದ್ದು ಗಮನಾರ್ಹ. 1998ರಲ್ಲಿ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ ಬೆಂಗಳೂರು ಬಿಟ್ಟು ಬೆಳಗಾವಿಗೆ ಬಂದದ್ದೂ ಅವರ ಕಾಲದಲ್ಲೇ.

ಬಾಗಲಕೋಟೆಯವರಿಗೆ ಲಾಭ ಕಣ್ಣಿಗೆ ಕಾಣುವಂತಿತ್ತು. ಆಲಮಟ್ಟಿಯ ಹಿನ್ನೀರಿಗೆ ಹಳೆಯ ಊರಿನ ಭಾಗ ಬಿಟ್ಟುಕೊಡುತ್ತಿದ್ದ ಪಟ್ಟಣಕ್ಕೆ ನವನಗರವೆಂಬ ಹೊಸ ಊರು ಬಂತು, ಅದರ ಮೇಲೆ ಜಿಲ್ಲಾಕೇಂದ್ರದ ಪಟ್ಟವೂ ಬಂತು. ಜಿಲ್ಲಾಧಿಕಾರಿ, ಪೊಲೀಸ್ ವರಿಷ್ಠಾಧಿಕಾರಿ, ಜಿಲ್ಲಾ ಪಂಚಾಯಿತಿ, ಖಜಾನೆ, ಜಿಲ್ಲಾ ಆಸ್ಪತ್ರೆ, ಅವುಗಳ ಹಿಂದೆ ಕಾಲೇಜು, ಬ್ಯಾಂಕು, ಹೋಟೆಲು.

ಉಳಿದ ನಾಲ್ಕು ತಾಲ್ಲೂಕುಗಳ ಪಾಲಿಗೆ ಅಂಥದ್ದೇನೂ ಘಟಿಸಲಿಲ್ಲ. ಮುದ್ದೇಬಿಹಾಳದಿಂದ ವಿಜಾಪುರ ಮೊದಲೂ ಸುಮಾರು 80 ಕಿಲೋಮೀಟರು, ಆಮೇಲೂ ಅಷ್ಟೇ. ಜಿಲ್ಲಾಧಿಕಾರಿಗಳ ಮೇಜಿನ ಮೇಲಿನ ಕಡತಗಳು ಕಡಿಮೆಯಾದವೆಂಬುದು ನಿಜ. ಹನ್ನೊಂದು ತಾಲ್ಲೂಕು ನೋಡುತ್ತಿದ್ದವರು ಐದನ್ನು ನೋಡಿದರೆ ಅಷ್ಟರಮಟ್ಟಿಗೆ ಹೆಚ್ಚು ಗಮನ ಸಿಗಬೇಕು. ಆದರೆ ಜಿಲ್ಲೆಯ ಸರಾಸರಿಯೇ ಬದಲಾಗಿತ್ತು. ಘಟಪ್ರಭೆಯ ಹಸಿರು ಲೆಕ್ಕದಿಂದ ಹೊರಬಿದ್ದ ಮೇಲೆ ವಿಜಾಪುರ ಎಂದರೆ ಬಹುಮಟ್ಟಿಗೆ ಮಳೆ ನಂಬಿದ ಒಣಭೂಮಿ. 10,494 ಚದರ ಕಿಲೋಮೀಟರ್ ನೆಲ, 2001ರ ಜನಗಣತಿಯಲ್ಲಿ 18 ಲಕ್ಷ ಜನ. 2002ರಲ್ಲಿ ಡಾ. ಡಿ.ಎಂ. ನಂಜುಂಡಪ್ಪ ಸಮಿತಿ ರಾಜ್ಯದ 114 ತಾಲ್ಲೂಕುಗಳನ್ನು ಹಿಂದುಳಿದವೆಂದು ಗುರುತಿಸಿದಾಗ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನಬಾಗೇವಾಡಿ ನಾಲ್ಕೂ ಆ ಪಟ್ಟಿಯಲ್ಲಿದ್ದವು.

ಇನ್ನೊಂದು ಗೆರೆಯೂ ಇಲ್ಲಿ ಎಳೆಯಲ್ಪಟ್ಟಿದೆ. ಸಿಂದಗಿ, ಇಂಡಿಗಳ ಮಗ್ಗುಲಿಗಿರುವ ಕಲಬುರಗಿ ಸೀಮೆಗೆ 371ಜೆ ವಿಧಿಯ ವಿಶೇಷ ಸ್ಥಾನಮಾನ 2012–13ರಲ್ಲಿ ಬಂತು. ಹಿಂದೆ ನಿಜಾಮನ ಆಳ್ವಿಕೆಯಲ್ಲಿದ್ದ ಊರಿಗೆ ಮೀಸಲಾತಿ ಉಂಟು, ಹಿಂದೆ ಮುಂಬಯಿ ಪ್ರಾಂತದಲ್ಲಿದ್ದ ಪಕ್ಕದ ಊರಿಗೆ ಇಲ್ಲ. ಎರಡೂ ಊರಿನ ಹೊಲಗಳ ಮೇಲೆ ಬೀಳುವ ಬಿಸಿಲು ಮಾತ್ರ ಒಂದೇ. ಇದು ಪಟೇಲರ ಕಾಲದ ಮಾತಲ್ಲವಾದರೂ ನಕ್ಷೆಯ ಮೇಲಿನ ಗೆರೆಗಳು ಬದುಕನ್ನು ಹೇಗೆ ತಟ್ಟುತ್ತವೆಂಬುದಕ್ಕೆ ಇದಕ್ಕಿಂತ ಹತ್ತಿರದ ಉದಾಹರಣೆ ಈ ಭಾಗದಲ್ಲಿಲ್ಲ.

ಆಲಮಟ್ಟಿಯ ಗೇಣು

ನಾಲ್ಕು ತಾಲ್ಲೂಕುಗಳು ಕಾಯುತ್ತಿದ್ದುದು ಕಚೇರಿಗಾಗಿ ಅಲ್ಲ. ಬಸವನಬಾಗೇವಾಡಿ ತಾಲ್ಲೂಕಿನಲ್ಲೇ ಇದ್ದ, ಈಗ ನಿಡಗುಂದಿ ತಾಲ್ಲೂಕಿಗೆ ಸೇರಿರುವ ಆಲಮಟ್ಟಿಯಲ್ಲಿ ಕೃಷ್ಣಾ ಮೇಲ್ದಂಡೆ ಯೋಜನೆಗೆ 1964ರ ಮೇ 22ರಂದು ಲಾಲ್ ಬಹಾದ್ದೂರ್ ಶಾಸ್ತ್ರಿ ಅಡಿಗಲ್ಲು ಇಟ್ಟಿದ್ದರು. ಇನ್ನೆರಡು ವಾರ ಕಳೆದರೆ ಅವರೇ ಪ್ರಧಾನಿ. ಅಡಿಗಲ್ಲು ಮತ್ತು ಅಣೆಕಟ್ಟಿನ ನಡುವೆ ಒಂದು ತಲೆಮಾರೇ ಕಳೆಯಿತು.

ಬಚಾವತ್ ನ್ಯಾಯಮಂಡಳಿ ಕರ್ನಾಟಕಕ್ಕೆ 700 ಟಿ.ಎಂ.ಸಿ. ನೀರು ಹಂಚಿತ್ತು. ಅದರಲ್ಲಿ ಈ ಯೋಜನೆಯ ಪಾಲು 173 ಟಿ.ಎಂ.ಸಿ. ಇಡೀ ಯೋಜನೆಯ ಗುರಿ 6.22 ಲಕ್ಷ ಹೆಕ್ಟೇರ್. 2000ದ ಮೇ 31ರ ನಂತರ ಹಂಚಿಕೆಯನ್ನು ಮರುಪರಿಶೀಲಿಸಬಹುದೆಂಬ ಮಾತು ತೀರ್ಪಿನಲ್ಲಿತ್ತು. ಅಷ್ಟರೊಳಗೆ ನಮ್ಮ ಪಾಲಿನ ನೀರು ಹಿಡಿದು ತೋರಿಸದಿದ್ದರೆ ಕೈಬಿಟ್ಟು ಹೋದೀತೆಂಬ ಅಂಜಿಕೆ ತೊಂಬತ್ತರ ದಶಕದ ಎಲ್ಲ ಸರ್ಕಾರಗಳನ್ನೂ ಓಡಿಸಿತು. 1994ರಲ್ಲಿ ಕೃಷ್ಣಾ ಭಾಗ್ಯ ಜಲ ನಿಗಮ ಹುಟ್ಟಿತು. ಬೊಕ್ಕಸದಲ್ಲಿ ಇಲ್ಲದ ಹಣವನ್ನು ಅದು ಬಾಂಡ್‌ಗಳ ಮೂಲಕ ಮಾರುಕಟ್ಟೆಯಿಂದ ಎತ್ತಿತು. ಸಮಾಜವಾದಿ ಮುಖ್ಯಮಂತ್ರಿಯ ಕಾಲದಲ್ಲೂ ರೈತನ ಕಾಲುವೆಗೆ ಹಣ ಬಂದದ್ದು ಸಾಲಪತ್ರ ಕೊಂಡ ಹೂಡಿಕೆದಾರರಿಂದ. ಸಾಲ ಮಾಡಿಯಾದರೂ ಅಣೆಕಟ್ಟು ಏರಲಿ ಎಂಬುದು ಆ ಹೊತ್ತಿನ ವಿವೇಕವಾಗಿತ್ತು. ಅದನ್ನು ತಪ್ಪೆನ್ನುವುದು ಕಷ್ಟ.

ತಂಟೆ ಬಂದದ್ದು ಎತ್ತರದ ಬಗ್ಗೆ. ಕರ್ನಾಟಕ ಸಮುದ್ರಮಟ್ಟದಿಂದ 524.256 ಮೀಟರ್‌ವರೆಗೆ ಗೇಟು ನಿಲ್ಲಿಸಲು ಹೊರಟಿತ್ತು. ಆಂಧ್ರದ ಮುಖ್ಯಮಂತ್ರಿ ಚಂದ್ರಬಾಬು ನಾಯ್ಡು ಆಕ್ಷೇಪಿಸಿದರು. ದೇವೇಗೌಡರ ಸರ್ಕಾರ ನಿಂತಿದ್ದ ಸಂಯುಕ್ತ ರಂಗದಲ್ಲಿ ನಾಯ್ಡು ಪ್ರಮುಖರು, ಪಟೇಲರ ಜನತಾದಳವೂ ಅದೇ ರಂಗದಲ್ಲಿ. ಹೀಗಾಗಿ ಜಗಳ ಮನೆಯೊಳಗಿನದಾಯಿತು. ರಂಗದ ಮುಖ್ಯಮಂತ್ರಿಗಳ ಸಮಿತಿಯೊಂದು ಕೂತಿತು, ತಜ್ಞರು 519.6 ಮೀಟರ್ ಸಾಕೆಂದರು. ಒಪ್ಪಂದ ಕುದುರಲಿಲ್ಲ. 1997ರಲ್ಲಿ ಎರಡೂ ರಾಜ್ಯಗಳು ಸುಪ್ರೀಂ ಕೋರ್ಟಿನಲ್ಲಿ ದಾವೆ ಹೂಡಿದವು. ದಿಲ್ಲಿಯಲ್ಲಿ ಕನ್ನಡಿಗ ಪ್ರಧಾನಿ, ಬೆಂಗಳೂರಿನಲ್ಲಿ ಅದೇ ಪಕ್ಷದ ಮುಖ್ಯಮಂತ್ರಿ ಇದ್ದ ಅಪರೂಪದ ಹನ್ನೊಂದು ತಿಂಗಳಲ್ಲೂ ಆಲಮಟ್ಟಿಯ ನಾಲ್ಕೂವರೆ ಮೀಟರ್ ಬಗೆಹರಿಯದೆ ಉಳಿದದ್ದು ಈ ಭಾಗದ ಜನರಿಗೆ ಇಂದಿಗೂ ನುಂಗಲಾರದ ತುತ್ತು.

ನ್ಯಾಯಾಲಯದ ತೀರ್ಪು ಬಂದದ್ದು 2000ದ ಏಪ್ರಿಲ್ 25ರಂದು. ಸದ್ಯಕ್ಕೆ 519.6 ಮೀಟರ್‌ವರೆಗೆ ಏರಿಸಿಕೊಳ್ಳಿ ಎಂದು ಅದು ಹೇಳಿತು. ಆ ಹೊತ್ತಿಗೆ ಪಟೇಲರು ಅಧಿಕಾರದಲ್ಲಿರಲಿಲ್ಲ. 2010ರ ಡಿಸೆಂಬರ್ 30ರಂದು ಬ್ರಿಜೇಶ್ ಕುಮಾರ್ ನ್ಯಾಯಮಂಡಳಿ 524.256ಕ್ಕೆ ಒಪ್ಪಿದರೂ ಆ ತೀರ್ಪಿನ ಪ್ರಕಟಣೆಗೆ 2011ರಲ್ಲಿ ಸುಪ್ರೀಂ ಕೋರ್ಟಿನ ತಡೆ ಬಂತು. ಅಣೆಕಟ್ಟಿಗೆ ಊರು ಬಿಟ್ಟುಕೊಟ್ಟವರಲ್ಲಿ ಬಸವನಬಾಗೇವಾಡಿ ತಾಲ್ಲೂಕಿನ ಕೊಲ್ಹಾರದವರೂ ಸೇರಿದ್ದರು. ಹಳೆಯ ಕೊಲ್ಹಾರ ಹಿನ್ನೀರಿನ ಪಾಲಾಗಿ ಹೊಸ ಊರು ಎತ್ತರದಲ್ಲಿ ಎದ್ದಿತು.

ನೀರು ಇಂಡಿಯತ್ತ ಹರಿಯುವ ದಾರಿ ಸುತ್ತುಬಳಸಿನದು. ಆಲಮಟ್ಟಿಯಲ್ಲಿ ನಿಂತ ನೀರು ಕೆಳಗಿನ ನಾರಾಯಣಪುರ ಜಲಾಶಯಕ್ಕೆ ಇಳಿದು, ಅಲ್ಲಿಂದ ಎಡದಂಡೆ ಕಾಲುವೆ ಸೇರಿ, ಇಂಡಿ ಶಾಖಾ ಕಾಲುವೆಯಲ್ಲಿ ಮತ್ತೆ ಉತ್ತರಕ್ಕೆ ಹೊರಡಬೇಕು. ಆ ಶಾಖಾ ಕಾಲುವೆಯ ಉದ್ದ 172 ಕಿಲೋಮೀಟರ್, ಗುರಿ 1,31,260 ಹೆಕ್ಟೇರ್. ಅದು ತಲುಪದ ಎತ್ತರದ ಹೊಲಗಳಿಗೆ ಏತ ನೀರಾವರಿಯೇ ಗತಿ. ಸಿಂದಗಿಯಿಂದ 1994ರಲ್ಲಿ ಜನತಾದಳದಿಂದ ಗೆದ್ದಿದ್ದ ಎಂ.ಸಿ. ಮನಗೂಳಿಯವರು ಗುತ್ತಿ ಬಸವಣ್ಣ ಏತ ನೀರಾವರಿ ಆಗುವವರೆಗೆ ಕಾಲಿಗೆ ಚಪ್ಪಲಿ ಹಾಕುವುದಿಲ್ಲವೆಂದು ಹರಕೆ ಹೊತ್ತು ಬರಿಗಾಲಲ್ಲಿ ನಡೆದರು. ಸಿಂದಗಿ ಸೀಮೆಯ ಗೋಲಗೇರಿಯಲ್ಲಿ ದೇವೇಗೌಡರ ಪ್ರತಿಮೆ ನಿಂತಿರುವುದಕ್ಕೂ ಈ ನೀರೇ ಕಾರಣ. ನೀರಿನ ಕೀರ್ತಿ ದೇವೇಗೌಡರಿಗೆ, ಒಡೆದ ಜಿಲ್ಲೆಯ ಕೀರ್ತಿ ಪಟೇಲರಿಗೆ ಎಂದು ಜನರೇ ಪಾಲು ಹಂಚಿದಂತಿದೆ.

ಕೊನೆಯ ವರ್ಷಗಳು

ಪಕ್ಷದೊಳಗಿನ ಜಗಳ ಪಟೇಲರ ಆಡಳಿತದ ಬೆನ್ನಿಗೆ ಮೊದಲಿನಿಂದಲೂ ಅಂಟಿಕೊಂಡಿತ್ತು. 1996ರಲ್ಲಿ ಹೆಗಡೆಯವರ ಉಚ್ಚಾಟನೆಯಾಯಿತು, ಅವರು ಲೋಕಶಕ್ತಿ ಕಟ್ಟಿದರು. 1996ರ ಲೋಕಸಭಾ ಚುನಾವಣೆಯಲ್ಲಿ ರಾಜ್ಯದ 28ರಲ್ಲಿ 16 ಸ್ಥಾನ ಗೆದ್ದಿದ್ದ ಜನತಾದಳ 1998ರಲ್ಲಿ ಮೂರಕ್ಕೆ ಇಳಿಯಿತು. ಆ ವರ್ಷದ ಆಗಸ್ಟ್‌ನಲ್ಲಿ ವಾಜಪೇಯಿಯವರ ಸಮ್ಮುಖದಲ್ಲಿ ಕಾವೇರಿ ನದಿ ಪ್ರಾಧಿಕಾರಕ್ಕೆ ಒಪ್ಪಿಕೊಂಡದ್ದು ಪಟೇಲರ ಮೇಲೆ ಟೀಕೆಯ ಮಳೆ ಸುರಿಸಿತು.

1999ರ ಜುಲೈನಲ್ಲಿ ಅವರು ವಿಧಾನಸಭೆಯನ್ನೇ ವಿಸರ್ಜಿಸಿದರು. ಜನತಾದಳ ಇಬ್ಭಾಗವಾಯಿತು. ದೇವೇಗೌಡರು, ಸಿದ್ದರಾಮಯ್ಯ ಒಂದು ಕಡೆ. ಪಟೇಲರು, ಹೆಗಡೆ, ಜಾರ್ಜ್ ಫರ್ನಾಂಡಿಸ್ ಸಂಯುಕ್ತ ಜನತಾದಳದ ಕಡೆ. ಬಿಜೆಪಿಯೊಂದಿಗೆ ಹೊಂದಾಣಿಕೆಯೂ ಆಯಿತು. ಲೋಹಿಯಾವಾದಿ ಬಿಜೆಪಿ ಜೊತೆ ಹೋಗುವುದೇ ಎಂದು ಕೇಳಿದವರಿದ್ದರು. ಕಾಂಗ್ರೆಸ್ಸನ್ನು ಸೋಲಿಸಲು ಜನಸಂಘದ ಕೈಯನ್ನೂ ಹಿಡಿಯಬಹುದೆಂದು 1967ರಲ್ಲೇ ಹೇಳಿಕೊಟ್ಟವರು ಲೋಹಿಯಾ ಎಂಬುದು ಅದಕ್ಕೆ ಕೊಡಬಹುದಾದ ಉತ್ತರ. ಆದರೆ 1967ರ ಕಾಂಗ್ರೆಸ್ ಎಲ್ಲೆಡೆ ಆಳುತ್ತಿತ್ತು, 1999ರ ಕಾಂಗ್ರೆಸ್ ರಾಜ್ಯದಲ್ಲೂ ದಿಲ್ಲಿಯಲ್ಲೂ ವಿರೋಧಪಕ್ಷದಲ್ಲಿತ್ತು. ಆ ಉತ್ತರ ಮೂವತ್ತು ವರ್ಷದ ಹಳೆಯದಾಗಿತ್ತು.

ಮತದಾರರಿಗೆ ಇಷ್ಟೆಲ್ಲ ವಾದ ಬೇಕಿರಲಿಲ್ಲ. ಕಾಂಗ್ರೆಸ್ 132 ಸ್ಥಾನ ಗೆದ್ದಿತು. ಬಿಜೆಪಿಗೆ 44, ಸಂಯುಕ್ತ ಜನತಾದಳಕ್ಕೆ 18, ದೇವೇಗೌಡರ ದಳಕ್ಕೆ 10. ಪಟೇಲರು ಚನ್ನಗಿರಿಯಲ್ಲೇ ಸೋತರು. ಫ್ರಾನ್ಸಿನ ಜೋಸ್ಪಾಂ ಅವರಿಗೂ ಇಂಥದ್ದೇ ಗತಿ ಕಾದಿತ್ತು. 2002ರ ಅಧ್ಯಕ್ಷೀಯ ಚುನಾವಣೆಯ ಮೊದಲ ಸುತ್ತಿನಲ್ಲೇ ಅವರು ಮೂರನೆಯವರಾಗಿ ಉಗ್ರ ಬಲಪಂಥದ ಅಭ್ಯರ್ಥಿಗಿಂತ ಹಿಂದೆ ಬಿದ್ದು ರಾಜಕೀಯ ಬಿಡುವುದಾಗಿ ಘೋಷಿಸಿದರು. ಅಲ್ಲಿಯೂ ಎಡಪಂಥದ ಮತಗಳು ಹಲವು ಅಭ್ಯರ್ಥಿಗಳ ನಡುವೆ ಹರಿದು ಹಂಚಿಹೋಗಿದ್ದವು.

ಪಟೇಲರು 2000ದ ಡಿಸೆಂಬರ್ 12ರಂದು ಬೆಂಗಳೂರಿನಲ್ಲಿ ನಿಧನರಾದರು. ಎಪ್ಪತ್ತು ವರ್ಷ ವಯಸ್ಸು. ಕಾರಿಗನೂರಿನ ಮಣ್ಣು ಅವರನ್ನು ಬರಮಾಡಿಕೊಂಡಿತು.

ಅವರು ಆರಂಭಿಸಿದ ಒಡೆಯುವ ಕೆಲಸ ನಿಲ್ಲಲಿಲ್ಲ. 2007ರಲ್ಲಿ ರಾಮನಗರ, ಚಿಕ್ಕಬಳ್ಳಾಪುರ, ಆಮೇಲೆ ಯಾದಗಿರಿ, 2021ರಲ್ಲಿ ವಿಜಯನಗರ ಸೇರಿ ಜಿಲ್ಲೆಗಳ ಸಂಖ್ಯೆ 31ಕ್ಕೆ ಏರಿತು. ವಿಜಾಪುರ 2014ರ ನವೆಂಬರ್ 1ರಂದು ವಿಜಯಪುರವಾಯಿತು. ಆ ನಂತರ ಹೊಸ ತಾಲ್ಲೂಕುಗಳ ಸರದಿ ಬಂತು. ಇಂಡಿಯಿಂದ ಚಡಚಣ, ಸಿಂದಗಿಯಿಂದ ದೇವರಹಿಪ್ಪರಗಿ ಮತ್ತು ಆಲಮೇಲ, ಮುದ್ದೇಬಿಹಾಳದಿಂದ ತಾಳಿಕೋಟೆ, ಬಸವನಬಾಗೇವಾಡಿಯಿಂದ ಕೊಲ್ಹಾರ ಮತ್ತು ನಿಡಗುಂದಿ ಬೇರೆಯಾದವು. ವಿಜಯಪುರ ತಾಲ್ಲೂಕಿನಿಂದ ಬಬಲೇಶ್ವರ, ತಿಕೋಟಾ ಹೊರಬಂದವು. ಐದು ಉಳಿದಿದ್ದ ಜಿಲ್ಲೆಯಲ್ಲಿ ಈಗ ಹದಿಮೂರು ತಾಲ್ಲೂಕು, ಅಂದರೆ ಒಡೆಯುವ ಮುಂಚಿನ ಹನ್ನೊಂದಕ್ಕಿಂತ ಎರಡು ಹೆಚ್ಚು. ಪಹಣಿಗೋ ಜಾತಿ ಪ್ರಮಾಣಪತ್ರಕ್ಕೋ ಆಲಮೇಲದವರು ಸಿಂದಗಿಯ ಬಸ್ಸು ಕಾಯಬೇಕಾಗಿಲ್ಲ.

ಇತ್ತೀಚಿನ ವರ್ಷಗಳಲ್ಲಿ ಇಂಡಿಯನ್ನೇ ಪ್ರತ್ಯೇಕ ಜಿಲ್ಲೆ ಮಾಡಬೇಕೆಂಬ ಕೂಗು ಎದ್ದಿದೆ. ಸ್ಥಳೀಯ ಶಾಸಕರೂ ಅದಕ್ಕೆ ದನಿಗೂಡಿಸಿದ್ದಾರೆ. ಅದೇ ಊರಿನ ಹೆಸರು ಹೊತ್ತ ಶಾಖಾ ಕಾಲುವೆಯ ತುದಿಯಲ್ಲಿರುವ ರೈತರು ಮಾತ್ರ ಪ್ರತಿ ಬೇಸಿಗೆಯಲ್ಲೂ ಇನ್ನೊಂದು ಅರ್ಜಿ ಹಿಡಿದು ನೀರಾವರಿ ಅಧಿಕಾರಿಗಳ ಕಚೇರಿಗೆ ಬರುತ್ತಾರೆ: ಕೊನೆಯ ತೂಬಿನವರೆಗೆ ನೀರು ಬಿಡಿ ಎಂದು.